ಕೂದಲೆಳೆ ಸಂದು

ಕೀಲಿ ಕೊಡುವಾಗ ಪೆಮ್ಮಯ್ಯನವರು ಹೇಳಿದ್ದರು:
"ಸ್ವಲ್ಪ ಸದ್ದುಂಟು. ಅದು ಅದರ ಸ್ವಭಾವ."
ಇಪ್ಪತ್ತಾರು ಸಾವಿರದಲ್ಲಿ ಸ್ವಭಾವವೂ ಸೇರಿತ್ತೋ,
ನಾನು ಕೇಳಲಿಲ್ಲ.

ಕುಶಾಲನಗರ ಬಿಟ್ಟರೆ ಸುಂಟಿಕೊಪ್ಪದವರೆಗೂ
ಟಿಕ್ ಟಿಕ್ ಟಿಕ್,
ಸ್ಟೀಲ್ ಡಬ್ಬಿಯಲ್ಲಿ ಒಂದೇ ಒಂದು ಹುಣಿಸೆಬೀಜ ಹಾಕಿ
ಯಾರೋ ಬಿಡದೆ ಅಲುಗಿಸಿದ ಹಾಗೆ.
ಆನೆಕಾಡಿನ ಏರಿನಲ್ಲಿ ಅದಕ್ಕೆ ಆತುರ,
ಇಳಿಜಾರಿನಲ್ಲಿ ಕ್ಲಚ್ಚು ಹಿಡಿದರೆ
ಏನೂ ತಿಳಿಯದವರ ಹಾಗೆ ಮೆತ್ತಗಾಗುತ್ತದೆ.

ಕೂಡ್ಲೂರಿನ ಕ್ಯೂರಿಂಗ್ ವರ್ಕ್ಸಿನಲ್ಲಿ
ಹದಿನೇಳು ವರ್ಷದಿಂದ ಕಾಫಿಯ ರುಚಿ ನೋಡುತ್ತೇನೆ.
ಚಮಚದಿಂದ ಸುರ್ರೆಂದು ಎಳೆದು, ನಾಲಿಗೆಯ ತುಂಬ ಹರಡಿ, ಉಗಿದು,
ಹಣ್ಣು ಒಂದು ದಿನ ಹೆಚ್ಚು ಕೊಳೆಯಿತೋ,
ಮೂಟೆ ಹೊಗೆಗೂಡಿನ ಪಕ್ಕ ಮಲಗಿತ್ತೋ
ಹೇಳಬಲ್ಲೆ.
ಕಿವಿಗೆ ಮಾತ್ರ ಯಾರೂ ಸಂಬಳ ಕೊಟ್ಟು ಕಲಿಸಲಿಲ್ಲ.

ಪೆಟ್ರೋಲ್ ಬಂಕಿನ ಹುಡುಗ: "ಅಕ್ಕ, ಟ್ಯಾಪೆಟ್ ಹೊಡೀತಾ ಉಂಟು."
ಗೇಟಿನ ವಾಚ್‌ಮನ್: "ಟೈಮಿಂಗ್ ಚೈನು. ಎಂಟು ಸಾವಿರ ಎತ್ತಿಡಿ ಮೇಡಂ."
ನನ್ನ ಓರಗಿತ್ತಿ, ಹಿಂದೆ ಕೂತವಳು:
"ನಿನ್ನ ಹೆಲ್ಮೆಟ್ಟಿನ ಬಕಲ್ ಅಲ್ವಾ ಅದು?"
ಬಕಲ್ ಬಿಗಿದು ನೋಡಿದೆ. ಅಲ್ಲ.

ರಾತ್ರಿ ಶೆಡ್ಡಿನಲ್ಲಿ ಉದ್ದದ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ,
ಹಿಡಿ ನನ್ನ ಕಿವಿಗೆ.
ಒಳಗೆ ಒಂದು ಕಾರ್ಖಾನೆಯೇ ನಡೆಯುತ್ತಿತ್ತು.
ಯಾವುದು ಕೆಲಸ, ಯಾವುದು ರೋಗ?
ಎಡಗಿವಿಯಲ್ಲಿ ಬಡಿಯುತ್ತಿದ್ದದ್ದು ನನ್ನದೇ ನಾಡಿ ಅಂತ ತಿಳಿದಾಗ
ಸ್ವಿಚ್ಚು ಆರಿಸಿ ಒಳಗೆ ಹೋದೆ.

ಮೊಯ್ದು ಕಿವಿ ಕೊಡಲೇ ಇಲ್ಲ.
ಬನಿಯನ್ ಚೂರಿನಿಂದ ಬೆರಳು ಒರೆಸುತ್ತ ಹೇಳಿದ:
"ಇಲ್ಲೇ ಬಿಟ್ಟು ಹೋಗಿ.
ಬಿಸಿ ಇಂಜಿನ್ನು ಏನು ಕೇಳಿದ್ರೂ ಹೌದು ಅಂತದೆ.
ಬೆಳಿಗ್ಗೆ ಕೇಳುವ."

ಪ್ರೈವೇಟ್ ಬಸ್ಸಿನಲ್ಲಿ ನಿಂತು ಬಂದೆ.
ಕಿಟಕಿಯ ಗಾಜು, ಮೇಲಿನ ಕಂಬಿ, ಕಂಡಕ್ಟರನ ಚಿಲ್ಲರೆ,
ಎಲ್ಲದರ ಮೇಲೂ ಅನುಮಾನ.

ಬೆಳಿಗ್ಗೆ ಟ್ಯಾಂಕಿನ ಮೇಲೆ ಇಬ್ಬನಿ.
ಮೊಯ್ದು ಮುಚ್ಚಳ ಬಿಚ್ಚಿ, ತಗಡಿನ ಪುಟ್ಟ ಬೀಸಣಿಗೆಯೊಂದನ್ನು ಅರಳಿಸಿದ.
ಎಸಳಿಗೊಂದು ದಪ್ಪ, ಸವೆದು ಮಾಸಿದ ಅಂಕಿಗಳು.
ತೀರಾ ತೆಳುವಾದದ್ದನ್ನು ಸಂದಿಗೆ ತೂರಿಸಿ
"ಎಳೀರಿ" ಅಂದ.
ಎಳೆದೆ. ಸಲೀಸಾಗಿ ಬಂತು.
"ಅಷ್ಟು ಸಲೀಸು ಆಗಬಾರದು. ಚೂರು ಹಿಡೀಬೇಕು."
ಒಗರು ನಾಲಿಗೆಯನ್ನು ಹಿಡಿಯುವಷ್ಟು, ಅಂದುಕೊಂಡೆ.
ಬೆರಳಿಗೆ ಅರ್ಥವಾಯಿತು.

"ನಿಮ್ಮ ಸದ್ದು ಇದು. ಒಳಕ್ಕೆ ಎಳೆಯುವ ವಾಲ್ವು.
ಈಗ ಆಚೆ ಕಡೆ ನೋಡಿ."
ಹೊಗೆ ಬಿಡುವ ವಾಲ್ವು.
ಅದೇ ಎಸಳು ಅಲ್ಲಿ ಒಳಗೆ ಹೋಗಲೇ ಇಲ್ಲ.
ಕೂದಲೆಳೆಯಷ್ಟೂ ಜಾಗವಿಲ್ಲ,
ಬಿಸಿಯೇರಿದರೆ ಹಿಗ್ಗುವುದಕ್ಕೆ, ಪೂರ್ತಿ ಮುಚ್ಚುವುದಕ್ಕೆ.
ಅದರಿಂದ ಒಂದು ದಿನವೂ ಸದ್ದು ಬಂದಿರಲಿಲ್ಲ.

"ಅದು ಮಾತಾಡ್ತಾ ಇತ್ತು," ಮೊಯ್ದು ಅಂದ.
"ಇದು ಸುಡ್ತಾ ಇತ್ತು."
ಬೇರೇನೂ ಹೇಳದೆ ನಟ್ಟು ಸಡಿಲಿಸಿ, ಕಾಲು ಸುತ್ತು ತಿರುಗಿಸಿ,
ಎಸಳು ಎಳೆದು, ಮತ್ತೆ ತಿರುಗಿಸಿ, ಮತ್ತೆ ಎಳೆದ.

ಆಮೇಲೆ ನನ್ನ ಕಡೆ ನೋಡಿದ:
"ಮೊದಲಿನದ್ದು ಸಡಿಲವೇ, ಆದರೆ ಲೆಕ್ಕದೊಳಗೆ ಉಂಟು.
ಬಿಗಿ ಮಾಡ್ಲಾ? ಸದ್ದು ಹೋಗ್ತದೆ."

ಸದ್ದು ಹೋಗ್ತದೆ.
ಹದಿನೈದು ದಿನದಿಂದ ನಾನು ಬೇಡಿದ್ದು ಅದೊಂದೇ.
ನೋಡುವ ಕೋಣೆಯಲ್ಲಿ ಹೊಸ ಹುಡುಗಿಯರು
ನಾಚಿಕೆಗೆ ಬಾಯಿಮುಚ್ಚಿ ಸದ್ದಿಲ್ಲದೆ ಗುಟುಕರಿಸಿದಾಗ
ನಾನೇ ಗದರುತ್ತೇನೆ: ಸುರ್ರನ್ನಿ, ಗಾಳಿ ಸೇರಲಿ,
ಇಲ್ಲದಿದ್ದರೆ ಏನು ಗೊತ್ತಾಗುತ್ತದೆ ನಿಮಗೆ!

"ಇರಲಿ," ಅಂದೆ.
ಮುನ್ನೂರೈವತ್ತು ರೂಪಾಯಿ. ರಸೀದಿ ಇಲ್ಲ.

ಸಂಜೆ ಬಂಕಿನ ಹುಡುಗ ನಳಿಗೆ ಕೈಯಲ್ಲಿ ಹಿಡಿದು
ತಲೆ ವಾಲಿಸಿದ:
"ಅಕ್ಕ, ಟ್ಯಾಪೆಟ್ ಇನ್ನೂ ಹೊಡೀತಾ ಉಂಟಲ್ಲ?"

"ಹೂಂ," ಅಂದೆ.
"ಇನ್ನೂರಕ್ಕೆ ಹಾಕು."